ಒಂಬತ್ತು ಜನ ಮನೆಗೆ ಹೋದರು

ಕೃತಜ್ಞತೆ ಬಗ್ಗೆ ಪ್ರಸಂಗ ಅಂದರೆ ನಮ್ಮ ಚರ್ಚುಗಳಲ್ಲಿ ಬೈಬಲಿನ ಲೂಕನ ಸುವಾರ್ತೆಯ 17ನೇ ಅಧ್ಯಾಯ ತೆರೆಯಲೇಬೇಕು. ಹತ್ತು ಜನ ಕುಷ್ಠರೋಗಿಗಳು ಗುಣವಾದರು. ಒಬ್ಬ ಮಾತ್ರ ವಾಪಸ್ ಬಂದು ಯೇಸುವಿನ ಕಾಲಿಗೆ ಬಿದ್ದ. ಉಳಿದ ಒಂಬತ್ತು ಜನಕ್ಕೆ ಆ ದಿನ ಪುಲ್ಪಿಟ್ ಮೇಲಿಂದ ಚೆನ್ನಾಗಿ ಮಂಗಳಾರತಿ ಆಗುತ್ತದೆ. ‘ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು’ ಅನ್ನೋ ಗಾದೆಯೂ ಬಂದೇ ಬರುತ್ತದೆ. ಕೇಳುತ್ತಾ ಕೂತವರೆಲ್ಲ ತಾವು ಆ ಹತ್ತನೆಯವರು ಅನ್ನುವ ಹಾಗೆ ತಲೆ ಆಡಿಸುತ್ತಾರೆ.

ನನಗೆ ಆ ಒಂಬತ್ತು ಜನರ ಮೇಲೆ ಯಾವತ್ತೂ ಸಿಟ್ಟು ಬಂದಿಲ್ಲ. ಅದಕ್ಕೆ ಕಾರಣ ನನ್ನ ಕೆಲಸ. ನಾನು ನರ್ಸ್. ನನ್ನ ಸರ್ವೀಸಿನ ಹೆಚ್ಚು ಭಾಗ ಕಳೆದದ್ದು ಉತ್ತರ ಕರ್ನಾಟಕದ ಒಂದು ಮಿಷನ್ ಕುಷ್ಠರೋಗ ಆಸ್ಪತ್ರೆಯಲ್ಲಿ. ಹುಟ್ಟಿ ಬೆಳೆದದ್ದು ಮೈಸೂರು ಕಡೆ. ರಿಟೈರ್ ಆದಮೇಲೆ ಮತ್ತೆ ಇಲ್ಲಿಗೇ ಬಂದಿದ್ದೇನೆ. ಈ ಕಥೆ ಓದುವಾಗ ಬೇರೆಯವರಿಗೆ ಹತ್ತು ಜನ ಅನ್ನೋ ಲೆಕ್ಕ ಕಾಣಿಸುತ್ತೆ. ನನಗೆ ಹತ್ತು ಮುಖ ಕಾಣಿಸುತ್ತವೆ.

ಆ ಕಾಲದಲ್ಲಿ ಈ ಕಾಯಿಲೆ ಬಂದವರ ಪಾಡು ಏನಿತ್ತು ಅನ್ನೋದು ಬೈಬಲಿನ ಯಾಜಕಕಾಂಡದಲ್ಲಿದೆ. ಬಟ್ಟೆ ಹರಿದುಕೊಂಡಿರಬೇಕು, ತಲೆ ಕೆದರಿಕೊಂಡಿರಬೇಕು, ಬಾಯಿ ಮುಚ್ಚಿಕೊಂಡು ‘ಅಶುದ್ಧ, ಅಶುದ್ಧ’ ಅಂತ ಕೂಗಬೇಕು. ಊರಾಚೆ ಒಬ್ಬನೇ ಇರಬೇಕು. ವಾಸಿಯಾದರೆ ಯಾಜಕ ಬಂದು ನೋಡಬೇಕು. ಎರಡು ಹಕ್ಕಿ ತರಬೇಕು. ಒಂದನ್ನು ಕೊಯ್ದು ಇನ್ನೊಂದನ್ನು ಹಾರಿ ಬಿಡುತ್ತಾರೆ. ಮೈಕೂದಲೆಲ್ಲ ಬೋಳಿಸಬೇಕು, ಸ್ನಾನ ಮಾಡಬೇಕು. ಆಮೇಲೂ ಏಳು ದಿನ ತನ್ನ ಮನೆಯೊಳಗೆ ಕಾಲಿಡುವಂತಿಲ್ಲ. ಎಂಟನೇ ದಿನ ಯಜ್ಞ ಮುಗಿದ ಮೇಲೆ ಅವನು ಮತ್ತೆ ಮನುಷ್ಯ.

‘ಹೋಗಿ ಯಾಜಕರಿಗೆ ನಿಮ್ಮ ಮೈ ತೋರಿಸಿ’ ಅಂತ ಹೇಳಿದ್ದು ಯೇಸುವೇ ಅಲ್ವಾ. ಅವರು ಹೊರಟರು. ದಾರಿಯಲ್ಲಿ ಹೋಗುತ್ತಾ ಹೋಗುತ್ತಾ ಗುಣವಾದರು. ಒಂಬತ್ತು ಜನ ಹೇಳಿದ ಮಾತನ್ನೇ ಕೇಳಿದ್ದಾರೆ. ಅವರಿಗೆ ಆ ಯಾಜಕನ ಮಾತು ಬೇಕಿತ್ತು, ಅದಿಲ್ಲದೆ ಮನೆ ಬಾಗಿಲು ತೆರೆಯಲ್ಲ. ಎಷ್ಟು ವರ್ಷದಿಂದ ಹೆಂಡತಿ ಮಕ್ಕಳ ಮುಖ ನೋಡಿಲ್ಲವೋ.

ನಮ್ಮ ಆಸ್ಪತ್ರೆಯಲ್ಲೂ ಒಂದು ಕಾರ್ಡ್ ಇತ್ತು. ಮಾತ್ರೆಯ ಕೋರ್ಸ್ ಮುಗಿದ ದಿನ ಅದರ ಮೇಲೆ ‘ಆರ್‌.ಎಫ್‌.ಟಿ.’ ಅಂತ ಬರೆದು ಸಹಿ ಹಾಕುತ್ತಿದ್ದರು. ಅಂದರೆ ಚಿಕಿತ್ಸೆಯಿಂದ ಬಿಡುಗಡೆ. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಂ.ಡಿ.ಟಿ. ಅನ್ನೋ ಮೂರು ಔಷಧಿಗಳ ಕ್ರಮ ಹೇಳಿದ ಮೇಲೆ ಈ ಕಾಯಿಲೆಯ ಹಣೆಬರಹವೇ ಬದಲಾಯಿತು. ರಿಫಾಂಪಿಸಿನ್, ಡ್ಯಾಪ್ಸೋನ್, ಕ್ಲೋಫಾಜಿಮಿನ್. ಮಚ್ಚೆ ಕಡಿಮೆ ಇದ್ದವರಿಗೆ ಆರು ತಿಂಗಳು, ಜಾಸ್ತಿ ಇದ್ದವರಿಗೆ ಒಂದು ವರ್ಷ. 1995ರಿಂದ ಈ ಮಾತ್ರೆ ಇಡೀ ಜಗತ್ತಿಗೆ ಪುಕ್ಕಟೆ. ಮೊದಲ ಡೋಸ್ ಹೋದ ಸ್ವಲ್ಪ ದಿನಕ್ಕೇ ಬೇರೆಯವರಿಗೆ ಅಂಟುವುದು ನಿಲ್ಲುತ್ತದೆ. ಕ್ಲೋಫಾಜಿಮಿನ್‌ನಿಂದ ಮೈ ಕಪ್ಪಾಗುತ್ತೆ, ರಿಫಾಂಪಿಸಿನ್‌ನಿಂದ ಮೂತ್ರ ಕೆಂಪಗಾಗುತ್ತೆ. ಅದನ್ನು ಮೊದಲೇ ಹೇಳದಿದ್ದರೆ ಹೆದರಿ ಮಾತ್ರೆ ಬಿಟ್ಟುಬಿಡುತ್ತಾರೆ. ಹಾಗಾಗಿ ಮೂತ್ರದ ಬಣ್ಣದ ಬಗ್ಗೆ ನಾನು ಮಾತಾಡಿದಷ್ಟು ಯಾವ ಪ್ರಸಂಗಿಯೂ ಕೃಪೆಯ ಬಗ್ಗೆ ಮಾತಾಡಿರಲಿಕ್ಕಿಲ್ಲ.

ಕಾಯಿಲೆ ವಾಸಿಯಾದ ಕೂಡಲೇ ಬಾಗಿಲು ತೆರೆಯುತ್ತಿತ್ತಾ? ಇಲ್ಲ. ಕುಷ್ಠರೋಗ ಇದ್ದರೆ ಗಂಡ ಹೆಂಡತಿಯನ್ನು, ಹೆಂಡತಿ ಗಂಡನನ್ನು ಬಿಡಬಹುದು ಅನ್ನೋ ಮಾತು ನಮ್ಮ ಕಾನೂನಿನಲ್ಲೇ ಇತ್ತು. ಐದು ಕಾಯ್ದೆಗಳಿಂದ ಅದನ್ನು ತೆಗೆದದ್ದು 2019ರಲ್ಲಿ. ಆ ಐದರಲ್ಲಿ ನಮ್ಮ ಕ್ರೈಸ್ತರ 1869ರ ವಿಚ್ಛೇದನ ಕಾಯ್ದೆಯೂ ಒಂದು. ಕೃಪೆ ಕೃಪೆ ಅಂತ ಹಾಡುವವರ ಕಾಯ್ದೆಯಲ್ಲೇ ಅದು ಇತ್ತು ಅನ್ನೋದನ್ನು ನಾವು ಯಾರೂ ಜಾಸ್ತಿ ಮಾತಾಡಲ್ಲ.

ಹೀಗಾಗಿ ಕಾರ್ಡ್ ತಗೊಂಡು ಹೋದವರು ತಿರುಗಿ ಬಂದರೆ ನಮ್ಮ ಎದೆ ಧಸಕ್ ಅನ್ನುತ್ತಿತ್ತು. ಒಂದೋ ಕಾಲಲ್ಲಿ ಹುಣ್ಣಾಗಿದೆ, ಇಲ್ಲಾ ಮನೆಯವರು ಒಳಗೆ ಸೇರಿಸಿಲ್ಲ. ಬಟ್ಟೆ ಗಂಟು ಕಂಕುಳಲ್ಲಿ ಇಟ್ಟುಕೊಂಡು ಗೇಟಿನ ಹತ್ತಿರ ನಿಂತಿರುತ್ತಿದ್ದರು. ಯಾರು ತಿರುಗಿ ಬರಲಿಲ್ಲವೋ ಅವರು ಆರಾಮಾಗಿದ್ದಾರೆ ಅಂತ ಲೆಕ್ಕ. ಹೊಲಕ್ಕೆ ಹೋಗುತ್ತಿದ್ದಾರೆ, ಮಗಳ ಮದುವೆ ಮಾಡಿದ್ದಾರೆ, ನಮ್ಮನ್ನು ಮರೆತಿದ್ದಾರೆ. ಮರೆಯಲಿ. ಅದಕ್ಕೇ ಅಲ್ವಾ ಅಷ್ಟೆಲ್ಲ ಮಾಡಿದ್ದು.

ಆದ್ದರಿಂದ ಒಂಬತ್ತು ಜನ ಬರಲಿಲ್ಲ ಅಂತ ಓದುವಾಗ ನನಗೆ ಮೊದಲು ಅನಿಸೋದು ಸಂತೋಷ. ಮನೆ ಸೇರಿದರಲ್ಲ.

ಇನ್ನೊಂದು ವಿಷಯ ಆ ಕಥೆಯಲ್ಲಿ ಇದೆ, ಅದನ್ನು ಯಾಕೋ ಯಾರೂ ಎತ್ತಿ ಹೇಳಲ್ಲ. ಆ ಒಂಬತ್ತು ಜನಕ್ಕೆ ಕಾಯಿಲೆ ವಾಪಸ್ ಬಂತು ಅಂತ ಲೂಕ ಬರೆದಿಲ್ಲ. ‘ಒಂಬತ್ತು ಮಂದಿ ಎಲ್ಲಿ?’ ಅಂತ ಯೇಸು ಕೇಳಿದ್ದು ನಿಜ. ಅದರಲ್ಲಿ ನೋವಿದೆ, ಅದನ್ನು ನಾನು ಇಲ್ಲ ಅನ್ನಲ್ಲ. ಆದರೆ ಕೊಟ್ಟದ್ದನ್ನು ಕಿತ್ತುಕೊಳ್ಳಲಿಲ್ಲ. ಥ್ಯಾಂಕ್ಸ್ ಹೇಳದವರ ಚರ್ಮವೂ ಹೇಳಿದವನ ಚರ್ಮದಷ್ಟೇ ನುಣುಪಾಗಿ ಉಳಿಯಿತು.

ಇದನ್ನು ಒತ್ತಿ ಹೇಳೋದಕ್ಕೆ ಕಾರಣ ಇದೆ. ನಮ್ಮ ಸಭೆಗಳಲ್ಲಿ ಸ್ತೋತ್ರ ಕಾಣಿಕೆಯ ಕವರ್ ಅಂತ ಇರುತ್ತದೆ, ಗೊತ್ತಿರಬಹುದು. ಹುಟ್ಟುಹಬ್ಬ, ಮದುವೆ ವಾರ್ಷಿಕೋತ್ಸವ, ಮಗನಿಗೆ ಕೆಲಸ, ಮಗಳಿಗೆ ವೀಸಾ, ಆಪರೇಷನ್ ಚೆನ್ನಾಗಿ ಆಯ್ತು, ಸೈಟು ರಿಜಿಸ್ಟರ್ ಆಯ್ತು. ಕವರಿನ ಮೇಲೆ ಬರೆದು ಹಾಕಿದರೆ ಅದನ್ನು ಓದಿ ಅಯ್ಯನವರು ಪ್ರಾರ್ಥನೆ ಮಾಡುತ್ತಾರೆ. ಒಳ್ಳೆಯ ಪದ್ಧತಿ. ನಾನೂ ಹಾಕುತ್ತೇನೆ. ಒಬ್ಬರ ಸಂತೋಷ ಎಲ್ಲರಿಗೂ ಗೊತ್ತಾಗುತ್ತೆ, ಇಡೀ ಸಭೆ ‘ಆಮೆನ್’ ಅನ್ನುತ್ತೆ.

ಆದರೆ ಆ ಕವರಿನ ಸುತ್ತ ಒಂದು ಭಯ ಬೆಳೆದುಬಿಟ್ಟಿದೆ. ನಮ್ಮ ಪರಿಚಯದ ಒಬ್ಬ ಹೆಂಗಸಿನ ಮಗನಿಗೆ ಕೆಲಸ ಸಿಕ್ಕಿತ್ತು. ಮೊದಲ ಸಂಬಳ ಕಾಣಿಕೆ ಕೊಡುತ್ತೇನೆ ಅಂದಿದ್ದಳು. ಮನೆ ಬಾಡಿಗೆ ಅಡ್ವಾನ್ಸು, ಅದು ಇದು ಅಂತ ಆಗಲಿಲ್ಲ. ಅಷ್ಟರಲ್ಲಿ ಹುಡುಗ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡ. ನೋಡಲು ಬಂದ ಹಿರಿಯರೊಬ್ಬರು ವಾರ್ಡಿನಲ್ಲೇ ಹೇಳಿದರು: ‘ದೇವರದ್ದು ದೇವರಿಗೆ ಕೊಡಬೇಕಮ್ಮ. ತಡ ಮಾಡಿದರೆ ಹೀಗೇ.’ ಪಾಪ, ಆಕೆ ಮಗನ ಕಾಲು ನೋಡಿ ಅತ್ತದ್ದಕ್ಕಿಂತ ಜಾಸ್ತಿ ಆ ಮಾತಿಗೆ ಅತ್ತಳು. ನನಗೆ ಮೈಯೆಲ್ಲ ಉರಿಯಿತು. ಇದು ದೇವರಾ, ಬಡ್ಡಿಗೆ ಸಾಲ ಕೊಡುವವನಾ?

ಎರಡನೇ ಅರಸುಗಳು ಪುಸ್ತಕದ 5ನೇ ಅಧ್ಯಾಯ ತೆಗೆದು ನೋಡಿ. ಅರಾಮ್ಯರ ಸೇನಾಪತಿ ನಾಮಾನ, ಅವನಿಗೂ ಕುಷ್ಠ. ಪ್ರವಾದಿ ಎಲೀಷ ಹೇಳಿದ ಹಾಗೆ ಯೊರ್ದನ್ ಹೊಳೆಯಲ್ಲಿ ಏಳು ಸಲ ಮುಳುಗಿ ಎದ್ದ, ಎಳೇ ಮಗುವಿನ ಚರ್ಮ ಬಂತು. ಅವನೂ ತಿರುಗಿ ಬಂದ, ಇಡೀ ಪರಿವಾರ ಕಟ್ಟಿಕೊಂಡು. ಹತ್ತು ತಲಾಂತು ಬೆಳ್ಳಿ, ಆರು ಸಾವಿರ ಬಂಗಾರದ ನಾಣ್ಯ, ಹತ್ತು ಜೊತೆ ಬಟ್ಟೆ ತಂದಿದ್ದ. ಎಲೀಷ ಒಂದು ಕಾಸೂ ಮುಟ್ಟಲಿಲ್ಲ. ಎಷ್ಟು ಬಲವಂತ ಮಾಡಿದರೂ ಬೇಡ ಅಂದ. ಅವನ ಸೇವಕ ಗೇಹಜಿಗೆ ಹೊಟ್ಟೆ ಉರಿಯಿತು. ಇಷ್ಟು ದೊಡ್ಡ ಪಾರ್ಟಿಯನ್ನು ಸುಮ್ನೆ ಕಳಿಸಿಬಿಟ್ಟರಲ್ಲ ಅಂತ ಹಿಂದೆ ಓಡಿದ. ಸುಳ್ಳು ಹೇಳಿ ಎರಡು ತಲಾಂತು ಬೆಳ್ಳಿ, ಎರಡು ಜೊತೆ ಬಟ್ಟೆ ವಸೂಲಿ ಮಾಡಿಕೊಂಡು ಬಂದು ಮನೆಯಲ್ಲಿ ಬಚ್ಚಿಟ್ಟ. ನಾಮಾನನ ಕುಷ್ಠ ಗೇಹಜಿಗೆ ಹತ್ತಿತು.

ಅಂದರೆ ಬೈಬಲಿನಲ್ಲಿ ಕುಷ್ಠ ಹತ್ತಿದ್ದು ಥ್ಯಾಂಕ್ಸ್ ಹೇಳದ ಒಂಬತ್ತು ಜನಕ್ಕಲ್ಲ. ಪುಕ್ಕಟೆ ಸಿಕ್ಕಿದ ಕೃಪೆಗೆ ಆಮೇಲೆ ಹೋಗಿ ಫೀಸು ಎತ್ತಿದವನಿಗೆ. ಆ ಹಿರಿಯರಿಗೆ ಇದನ್ನು ಹೇಳಿದೆ. ‘ನೀವು ನರ್ಸುಗಳಿಗೆ ಬಾಯಿ ಜಾಸ್ತಿ’ ಅಂದರು. ಇರಬಹುದು.

ನಮ್ಮ ಪೇಷಂಟುಗಳಲ್ಲಿ ಗದಗ ಕಡೆಯ ಒಬ್ಬ ಅಜ್ಜ ಇದ್ದ. ಒಳ್ಳೆ ಗಟ್ಟಿ ಆಸಾಮಿ. ಕೋರ್ಸ್ ಮುಗಿಸಿ ಹೋದವನು ಸುಗ್ಗಿ ಆದಮೇಲೆ ಒಂದು ಚೀಲ ಶೇಂಗಾ ಹೊತ್ತುಕೊಂಡು ಬಂದ. ಔಷಧಿ ಪುಕ್ಕಟೆ, ನೀವೇನೂ ಕೊಡಬೇಕಾಗಿಲ್ಲ ಅಂದರೆ ಕೇಳಲಿಲ್ಲ. ‘ತಗೋರಿ ಬಾಯಾರ. ನಾ ಯಾರ ಹಂಗಿನ್ಯಾಗೂ ಇರಾಂವ ಅಲ್ಲ. ಇಲ್ಲಿಗೆ ಲೆಕ್ಕ ಚುಕ್ತಾ’ ಅಂದ. ಚೀಲ ಇಳಿಸಿ, ಟವೆಲ್ ಝಾಡಿಸಿ ಹೆಗಲಿಗೆ ಹಾಕಿಕೊಂಡು, ಚಹಾ ಕೂಡ ಕುಡಿಯದೆ ಹೋದ. ಶೇಂಗಾ ಕುದಿಸಿ ಇಡೀ ವಾರ್ಡು ತಿಂದೆವು, ತುಂಬಾ ಚೆನ್ನಾಗಿತ್ತು. ಅವನ ಮೇಲೆ ನನಗೆ ಗೌರವವೇ. ಕಾಯಿಲೆ ಬಂದ ದಿನದಿಂದ ಮಗನ ಮನೆ ಜಗಲಿಯಲ್ಲಿ, ಬೇರೆ ತಟ್ಟೆಯಲ್ಲಿ, ಇನ್ನೊಬ್ಬರ ಹಂಗಿನಲ್ಲೇ ಉಂಡವನು. ಒಂದು ಕಡೆಯಾದರೂ ತಲೆ ಎತ್ತಿ ನಿಲ್ಲಬೇಕು ಅಂತ ಅವನಿಗೆ ಅನಿಸಿದ್ದರಲ್ಲಿ ತಪ್ಪೇನಿದೆ.

ಆದರೆ ದೇವರ ಹತ್ತಿರ ಈ ಚುಕ್ತಾ ನಡೆಯಲ್ಲ. ಲೂಕ 7ರಲ್ಲಿ ಯೇಸು ಇಬ್ಬರು ಸಾಲಗಾರರ ಕಥೆ ಹೇಳುತ್ತಾನೆ. ಒಬ್ಬನದ್ದು ಐನೂರು ದಿನಾರಿ, ಇನ್ನೊಬ್ಬನದ್ದು ಐವತ್ತು. ಒಂದು ದಿನಾರಿ ಅಂದರೆ ಆ ಕಾಲದ ಒಂದು ದಿನದ ಕೂಲಿ. ಇಬ್ಬರ ಕೈಯಲ್ಲೂ ತೀರಿಸಲು ಏನೂ ಇರಲಿಲ್ಲ, ಸಾಲ ಕೊಟ್ಟವನು ಇಬ್ಬರ ಸಾಲವನ್ನೂ ಬಿಟ್ಟುಕೊಟ್ಟ. ‘ಇವರಲ್ಲಿ ಯಾರು ಹೆಚ್ಚು ಪ್ರೀತಿಸುತ್ತಾರೆ?’ ಅಂತ ಯೇಸು ಕೇಳಿದ. ಯಾರು ಎಷ್ಟು ವಾಪಸ್ ಕೊಟ್ಟಾರು ಅಂತ ಕೇಳಲಿಲ್ಲ. ಶಿಲುಬೆಯ ಮೇಲೆ ಆದದ್ದಕ್ಕೆ ಒಂದು ಚೀಲ ಶೇಂಗಾ ಏನು, ಒಂದು ಲಾರಿ ಲೋಡ್ ತಂದರೂ ಅದು ಲೆಕ್ಕಕ್ಕೆ ಬರಲ್ಲ. ತರಲೇಬಾರದು ಅಂತಲ್ಲ. ಲೆಕ್ಕ ತೀರಿತು ಅಂತ ತರಬಾರದು.

ಹಾಗಾದರೆ ತಿರುಗಿ ಬಂದ ಆ ಒಬ್ಬನಿಗೆ ಏನು ಸಿಕ್ಕಿತು? ಇದನ್ನು ನಾನು ವರ್ಷಗಟ್ಟಲೆ ಯೋಚನೆ ಮಾಡಿದ್ದೇನೆ.

ಮೊದಲನೆಯದಾಗಿ ಅವನು ಸಮಾರ್ಯದವನು, ಯೆಹೂದ್ಯರು ದೂರ ಇಟ್ಟಿದ್ದ ಜನ. ಯೆರೂಸಲೇಮಿನ ಯಾಜಕ ಅವನನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಸಮಾರ್ಯದವರ ಪವಿತ್ರ ಬೆಟ್ಟವೇ ಬೇರೆ, ಗೆರಿಜೀಮ್. ಕಾಯಿಲೆ ಇರುವವರೆಗೆ ಹತ್ತೂ ಜನ ಒಂದೇ ಗುಂಪು, ಜಾತಿ ಗೀತಿ ಏನೂ ಇಲ್ಲ. ಗುಣವಾದ ಕೂಡಲೇ ಒಂಬತ್ತು ಜನಕ್ಕೆ ಹೋಗಲು ಒಂದು ದಾರಿ ಇತ್ತು, ಇವನು ಒಬ್ಬಂಟಿ. (ಇದನ್ನು ನಾನು ವಾರ್ಡಿನಲ್ಲಿ ಕಣ್ಣಾರೆ ನೋಡಿದ್ದೇನೆ. ಒಂದೇ ಪಾತ್ರೆಯಲ್ಲಿ ಊಟ ಮಾಡಿದವರು ಡಿಸ್ಚಾರ್ಜ್ ದಿನ ಹತ್ತಿರ ಬಂದ ಹಾಗೆ ‘ನಿಮ್ಮದು ಯಾವ ಪೈಕಿ’ ಅಂತ ಕೇಳಲು ಶುರು ಮಾಡುತ್ತಿದ್ದರು.) ಬೇರೆ ಎಲ್ಲಿಗೂ ಹೋಗಲು ಆಗದವನು ಕೊಟ್ಟವನ ಹತ್ತಿರವೇ ಬಂದ.

ಎರಡನೆಯದು ಲೂಕ ಸುಮ್ನೆ ಹೇಳಿ ಮುಂದೆ ಹೋಗುವ ಒಂದು ಮಾತು. ಶುರುವಿನಲ್ಲಿ ಹತ್ತು ಜನರೂ ದೂರದಲ್ಲಿ ನಿಂತು ಕೂಗುತ್ತಾರೆ. ದೂರದಲ್ಲಿ ಇದ್ದಾಗಲೇ ಎಲ್ಲರಿಗೂ ಗುಣವಾಯಿತು, ಯೇಸು ಯಾರನ್ನೂ ಮುಟ್ಟಲಿಲ್ಲ. ಕೊನೆಗೆ ಒಬ್ಬ ಮಾತ್ರ ಆತನ ಕಾಲ ಹತ್ತಿರ ಇದ್ದಾನೆ. ಕುಷ್ಠರೋಗಿಯಾಗಿದ್ದವನಿಗೆ ಇನ್ನೊಬ್ಬರ ಮೈ ಹತ್ತಿರ ಹೋಗುವುದು ಅಂದರೆ ಏನು ಅನ್ನೋದು ಆ ವಾರ್ಡಿನಲ್ಲಿ ಕೆಲಸ ಮಾಡಿದವರಿಗೆ ಗೊತ್ತು. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಾಗುವುದನ್ನೇ ನೋಡಿ ನೋಡಿ ಅವರು ತಾವಾಗಿಯೇ ಎರಡು ಮಾರು ದೂರ ನಿಲ್ಲುತ್ತಾರೆ. ಡಾಕ್ಟರು ‘ಬಾ, ಇಲ್ಲಿ ಕೂತ್ಕೋ’ ಅಂದರೂ ಸ್ಟೂಲನ್ನು ಹಿಂದೆ ಎಳೆದುಕೊಂಡು ಕೂರುತ್ತಾರೆ. ಅಂಥವನು ಓಡಿಬಂದು ಕಾಲು ಹಿಡಿಯಬೇಕಾದರೆ ಅವನೊಳಗೆ ಏನೋ ಬಿಚ್ಚಿಕೊಂಡಿರಬೇಕು. ಒಂಬತ್ತು ಜನಕ್ಕೆ ಚರ್ಮ ಸಿಕ್ಕಿತು. ಇವನಿಗೆ ಹತ್ತಿರ ಸಿಕ್ಕಿತು. ಕೃತಜ್ಞತೆ ಅಂದರೆ ನನ್ನ ಮಟ್ಟಿಗೆ ಇಷ್ಟೇ: ಕೊಟ್ಟವನ ಹತ್ತಿರ ಹೋಗುವುದು. ಬಾಕಿ ಕಟ್ಟಲು ಅಲ್ಲ.

ಇಂಥ ಒಬ್ಬಳನ್ನು ನಾನು ನೋಡಿದ್ದೇನೆ. ಬಾಗಲಕೋಟೆ ಕಡೆಯವಳು. ಕೈಬೆರಳು ಕೊಕ್ಕೆಯ ಹಾಗೆ ಮಡಚಿಹೋಗಿದ್ದವು. ಆಪರೇಷನ್ ಆಗಿ ಲೋಟ ಹಿಡಿಯುವ ಮಟ್ಟಿಗೆ ನೆಟ್ಟಗಾದವು. (1940ರ ದಶಕದಲ್ಲಿ ವೆಲ್ಲೂರಿನಲ್ಲಿ ಪಾಲ್ ಬ್ರ್ಯಾಂಡ್ ಅನ್ನೋ ಡಾಕ್ಟರು ಶುರು ಮಾಡಿದ ಸರ್ಜರಿ ಅದು; ಕೆಲಸ ಮಾಡುವ ಸ್ನಾಯುವಿನ ಎಳೆಯನ್ನು ಸತ್ತ ಸ್ನಾಯುವಿನ ಜಾಗಕ್ಕೆ ತಂದು ಕಟ್ಟುತ್ತಾರೆ.) ಕಾರ್ಡ್ ಸಿಕ್ಕಿತು, ಹೋದಳು. ಆಮೇಲೆ ಭಾರತ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋದಾಗಲೆಲ್ಲ ನಮ್ಮ ಆಸ್ಪತ್ರೆಗೂ ಬರುತ್ತಿದ್ದಳು. ಹಣೆ ತುಂಬ ಭಂಡಾರ. ಮೊದಲ ಸಲ ಗೇಟಿನಲ್ಲಿ ಕಂಡಾಗ ನಮಗೆ ಅದೇ ಧಸಕ್.

‘ಏನಾತವ್ವಾ, ಕಾಲಾಗ ಗಾಯ ಆತೇನು?’ ಅಂದೆ.

‘ಏನೂ ಆಗಿಲ್ರೀ ಬಾಯಾರ. ಕೈ ಕಾಲು ಚಲೋ ಅದಾವು. ಸುಮ್ಮನ ಬಂದೆ. ನಿಮ್ಮನ್ನ ನೋಡಿ ಹೋಗಬೇಕನ್ನಿಸ್ತು.’

ಸುಮ್ಮನೆ ಬಂದವಳು ಸುಮ್ಮನೆ ಕೂರುತ್ತಿರಲಿಲ್ಲ. ವರಾಂಡದಲ್ಲಿ ಪಾದ ಆರೈಕೆ ನಡೆಯುತ್ತಿರುತ್ತಿತ್ತು. ಸಾಲಾಗಿ ಬೇಸಿನ್ನು. ಇಪ್ಪತ್ತು ನಿಮಿಷ ಕಾಲು ನೀರಲ್ಲಿ ನೆನೆಯಬೇಕು. ತಣ್ಣೀರೇ ಆಗಬೇಕು, ಸ್ಪರ್ಶ ಇಲ್ಲದ ಕಾಲಿಗೆ ಬಿಸಿನೀರು ಸುಟ್ಟರೂ ತಿಳಿಯಲ್ಲ. ನೆನೆದ ಮೇಲೆ ಆಣಿಯ ಅಂಚನ್ನು ಒರಟು ಕಲ್ಲಿನಲ್ಲಿ ಮೆಲ್ಲಗೆ ಉಜ್ಜಬೇಕು. ನೀರಿನ ಪಸೆ ಆರುವ ಮುಂಚೆ ಕೊಬ್ಬರಿ ಎಣ್ಣೆ ಹಚ್ಚಬೇಕು. ನರ ಸತ್ತ ಕಡೆ ಬೆವರೂ ಬರಲ್ಲ, ಚರ್ಮ ಒಣಗಿ ಬಿರಿಯುತ್ತದೆ, ಆ ಬಿರುಕಿನಿಂದಲೇ ಹುಣ್ಣು. ಕೊನೆಗೆ ಒಂದು ಸಣ್ಣ ಕನ್ನಡಿ ನೆಲದ ಮೇಲಿಟ್ಟು ಅಂಗಾಲು ನೋಡಿಕೊಳ್ಳಬೇಕು, ಮುಳ್ಳು ಗಿಳ್ಳು ಇದೆಯಾ ಅಂತ. ಇವಳು ಹೊಸ ಪೇಷಂಟುಗಳ ಮುಂದೆ ಕುಕ್ಕರಗಾಲಲ್ಲಿ ಕೂತು, ಅವರ ಕಾಲನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು, ಆ ನೆಟ್ಟಗಾದ ಬೆರಳುಗಳಲ್ಲಿ ಕಲ್ಲು ಹಿಡಿದು ಉಜ್ಜುತ್ತಿದ್ದಳು. ಹಾಗೇ ಬೈಯುತ್ತಿದ್ದಳು ಕೂಡ: ‘ಎಣ್ಣಿ ಹಚ್ಚಾಕ ಏನ್ ಧಾಡಿ ನಿನಗ?’ ನಾವು ಎಷ್ಟು ಹೇಳಿದರೂ ಕೇಳದವರು ಅವಳ ಮಾತು ಕೇಳುತ್ತಿದ್ದರು. ಸಂಜೆ ಬಸ್ಸಿಗೆ ಹೊರಟುಬಿಡುತ್ತಿದ್ದಳು.

ಇಲ್ಲಿ ನಮ್ಮ ಸ್ತ್ರೀಯರ ಕೂಟದಲ್ಲಿ ಒಮ್ಮೆ ಇವಳ ವಿಷಯ ಹೇಳಿದೆ. ಒಬ್ಬರು ‘ಆಮೇಲೆ ಆಕೆ ರಕ್ಷಣೆ ಹೊಂದಿದಳಾ?’ ಅಂತ ಕೇಳಿದರು. ಆ ಸಮಾರ್ಯದವನು ಯಾವ ಸಭೆ ಸೇರಿದ ಅಂತಲೂ ಲೂಕ ಬರೆದಿಲ್ಲ, ಅಂದೆ.

ಅಭ್ಯಾಸದ ಮಾತಿಗೆ ಬರೋಣ. ನನ್ನ ಮಗಳು ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಟ್ಟಿದ್ದಾಳೆ. ದಿನಾ ರಾತ್ರಿ ಟಿಣ್ ಅನ್ನುತ್ತೆ, ಇವತ್ತು ಯಾವುದಕ್ಕೆ ಥ್ಯಾಂಕ್ಸ್ ಅಂತ ಮೂರು ವಿಷಯ ಟೈಪ್ ಮಾಡಬೇಕು. ಇದರ ಹಿಂದೆ ಓದಿದವರ ಕೆಲಸ ಇದೆ. ರಾಬರ್ಟ್ ಎಮನ್ಸ್, ಮೈಕಲ್ ಮೆಕಲೋ ಅನ್ನೋ ಇಬ್ಬರು ಅಮೆರಿಕದ ಮನಃಶಾಸ್ತ್ರಜ್ಞರು 2003ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ವಾರ ವಾರ ಉಪಕಾರಗಳನ್ನು ಬರೆದಿಟ್ಟವರು ಕಿರಿಕಿರಿಗಳನ್ನು ಬರೆದಿಟ್ಟವರಿಗಿಂತ ನೆಮ್ಮದಿಯಾಗಿದ್ದರು. ಸರಿಯೇ. ಬರೆಯಿರಿ, ನಿದ್ದೆ ಚೆನ್ನಾಗಿ ಬರಲಿ. ಆದರೆ ಆ ಆ್ಯಪ್‌ನಲ್ಲಿ ‘ಯಾರಿಗೆ’ ಅನ್ನೋ ಕಾಲಮ್ಮೇ ಇಲ್ಲ. ವಿಳಾಸ ಇಲ್ಲದ ಥ್ಯಾಂಕ್ಸ್ ಕೊನೆಗೆ ನನಗೇ ವಾಪಸ್ ಬರುತ್ತೆ: ನಾನು ಎಷ್ಟು ಖುಷಿಯಾಗಿದ್ದೇನೆ, ನನ್ನ ಬಿ.ಪಿ. ಎಷ್ಟು ಇಳಿಯಿತು. ಕ್ರೈಸ್ತ ಸ್ತೋತ್ರದಲ್ಲಿ ನಾನು ಎರಡನೆಯವಳು.

ನಾನು ಮಾಡೋದು ಹಳೇ ಕಾಲದ್ದು. ಟ್ರೈನಿಂಗ್ ದಿನಗಳಲ್ಲಿ ನಮ್ಮ ಮೇಟ್ರನ್ ಒಂದು ಪ್ರಾರ್ಥನೆ ಬಾಯಿಪಾಠ ಮಾಡಿಸಿದ್ದರು. ಇಂಗ್ಲೆಂಡಿನ ಚರ್ಚಿನ 1662ರ ಪ್ರಾರ್ಥನಾ ಪುಸ್ತಕದಲ್ಲಿ ಇರುವಂಥದ್ದು. ನಾರ್ವಿಚ್‌ನ ಬಿಷಪ್ ಎಡ್ವರ್ಡ್ ರೆನಾಲ್ಡ್ಸ್ ಬರೆದದ್ದು ಅನ್ನುತ್ತಾರೆ. ಅದರಲ್ಲಿ ನನಗೆ ಇಷ್ಟವಾದದ್ದು ಸಾಲುಗಳ ಕ್ರಮ. ಮೊದಲು ನಮ್ಮನ್ನು ಉಂಟುಮಾಡಿದ್ದಕ್ಕೆ ಸ್ತೋತ್ರ. ಆಮೇಲೆ ಕಾಪಾಡಿದ್ದಕ್ಕೆ, ಈ ಬಾಳಿನ ಎಲ್ಲಾ ಒಳ್ಳೆಯದಕ್ಕೆ. ಆಮೇಲೆ ‘ಇದೆಲ್ಲಕ್ಕಿಂತ ಮೇಲಾಗಿ’ ಕ್ರಿಸ್ತನಲ್ಲಿ ಲೋಕವನ್ನು ಬಿಡಿಸಿದ ಪ್ರೀತಿಗೆ. ಕೊನೆಗೆ ಒಂದು ಬೇಡಿಕೆ: ತುಟಿಯಿಂದ ಮಾತ್ರ ಅಲ್ಲ, ನಡೆಯಿಂದಲೂ ನಿನ್ನನ್ನು ಹೊಗಳುವ ಹಾಗೆ ಮಾಡು. ಈ ಕ್ರಮದಲ್ಲಿ ವೀಸಾ, ಸೈಟು, ಸಂಬಳ ಎಲ್ಲದಕ್ಕೂ ಜಾಗ ಇದೆ, ಆದರೆ ತುದಿಯಲ್ಲಿ ಇರೋದು ಅವಲ್ಲ. ವೀಸಾ ರಿಜೆಕ್ಟ್ ಆದರೂ ಪ್ರಾರ್ಥನೆ ಉರುಳಿ ಬೀಳಲ್ಲ.

ನಡುವಿನ ಆ ‘ಎಲ್ಲಾ ಒಳ್ಳೆಯದಕ್ಕೆ’ ಅನ್ನೋ ಕಡೆ ನಿಂತು ನನ್ನ ಪಟ್ಟಿ ಹೇಳುತ್ತೇನೆ. ಅದರಲ್ಲಿ ನೋವೂ ಇದೆ. ಸ್ಟೀಲ್ ಲೋಟದ ಕಾಫಿ ಬಿಸಿ ಹತ್ತಿ ಬೆರಳು ತಟ್ಟಂತ ಹಿಂದೆ ಬರುತ್ತಲ್ಲ, ಅದಕ್ಕೆ ಸ್ತೋತ್ರ. ಚಪ್ಪಲಿಯಲ್ಲಿ ಮೊಳೆ ಎದ್ದಿದ್ದರೂ ಗೊತ್ತಾಗದೆ ಊರಿಂದ ನಡೆದು ಬಂದು, ವಾರ್ಡಿನ ನೆಲದ ಮೇಲೆ ರಕ್ತದ ಹೆಜ್ಜೆ ಮೂಡಿದ ಮೇಲೆ ‘ಇದು ಯಾರ್ದು?’ ಅಂತ ಕೇಳಿದವರನ್ನು ನೋಡಿದವಳು ನಾನು. ಕಾಲಿಗೆ ಮುಳ್ಳು ಚುಚ್ಚಿದರೆ ‘ಅಯ್ಯೋ’ ಅನ್ನುತ್ತೇನೆ, ಹಿಂದೆಯೇ ‘ಸ್ತೋತ್ರ’ ಅನ್ನುತ್ತೇನೆ. ಮಗಳು ನಗುತ್ತಾಳೆ.

ಆದರೆ ಎಲ್ಲ ನೋವಿಗೂ ಇದನ್ನು ಅಂಟಿಸಲು ನಾನು ತಯಾರಿಲ್ಲ. ನಮ್ಮ ಯಜಮಾನರು ತೀರಿಕೊಂಡ ದಿನ ಮನೆಗೆ ಬಂದವರಲ್ಲಿ ಒಬ್ಬರು ನನ್ನ ಕೈ ಹಿಡಿದು, ‘ಎಲ್ಲಾದರಲ್ಲಿಯೂ ಕೃತಜ್ಞತಾಸ್ತುತಿ ಮಾಡಬೇಕು ಸಿಸ್ಟರ್, ಪೌಲ ಹೇಳಿದ್ದಾನೆ’ ಅಂದರು. ಹೌದು, ಹೇಳಿದ್ದಾನೆ. ಅದೇ ಪೌಲ ಅಳುವವರ ಜೊತೆ ಅಳಿರಿ ಅಂತಲೂ ಹೇಳಿದ್ದಾನೆ. ಸಾವಿನ ಮನೆಗೆ ಆ ಎರಡನೇ ವಚನ ತಗೊಂಡು ಬನ್ನಿ, ಮೊದಲನೆಯದನ್ನು ನಿಮ್ಮ ಮನೆಯಲ್ಲೇ ಬಿಟ್ಟು ಬನ್ನಿ. ಕೀರ್ತನೆಗಳ ಪುಸ್ತಕದಲ್ಲಿ ಗೋಳಾಡುವ ಕೀರ್ತನೆಗಳೇ ರಾಶಿ ಇವೆ. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿದುಹೋಗುತ್ತದೆ, ಕೊನೆಗೆ ಒಂದು ‘ಹಲ್ಲೆಲೂಯ’ ಕೂಡ ಇಲ್ಲ. ಅದನ್ನೂ ಬೈಬಲಿನಲ್ಲಿ ಇಟ್ಟಿದ್ದಾರೆ. ಆ ವರ್ಷ ನಾನು ಓದಿದ್ದು ಅದನ್ನೇ. ಮೇಟ್ರನ್ ಕಲಿಸಿದ ಪ್ರಾರ್ಥನೆ ಬಾಯಿಗೆ ಬರುತ್ತಿರಲಿಲ್ಲ. ಭಾನುವಾರ ಚರ್ಚಿನಲ್ಲಿ ರೊಟ್ಟಿ ದ್ರಾಕ್ಷಾರಸದ ಸಂಸ್ಕಾರದ ಹೊತ್ತಿಗೆ ಎಲ್ಲರೂ ಸ್ತೋತ್ರ ಹೇಳುವಾಗ ಸುಮ್ಮನೆ ನಿಂತಿರುತ್ತಿದ್ದೆ. ಅವರೆಲ್ಲ ನನ್ನ ಪಾಲಿನದ್ದನ್ನೂ ಸೇರಿಸಿ ಹೇಳುತ್ತಿದ್ದಾರೆ ಅಂದುಕೊಳ್ಳುತ್ತಿದ್ದೆ. ಸಭೆ ಅಂತ ಒಂದು ಇರೋದು ಇದಕ್ಕೂ ಹೌದು. ನಾನು ಸ್ತೋತ್ರ ಹೇಳದ ಆ ತಿಂಗಳುಗಳಲ್ಲಿ ದೇವರು ನನ್ನಿಂದ ಏನನ್ನೂ ವಾಪಸ್ ಕೇಳಲಿಲ್ಲ. ಒಂಬತ್ತು ಜನರನ್ನು ನಾನು ಬಿಟ್ಟುಕೊಡದೆ ಇರಲು ಇದೂ ಒಂದು ಕಾರಣ.

ಬರುವ ಭಾನುವಾರ ನಮ್ಮ ಸಭೆಯಲ್ಲಿ ಬೆಳೆಹಬ್ಬ. ಪ್ರಸಂಗಕ್ಕೆ ಈ ಸಲ ನಾಮಾನನ ಕಥೆ ತಗೊಳ್ಳಿ ಅಂತ ಅಯ್ಯನವರನ್ನು ಕೇಳಿದ್ದೇನೆ. ‘ನೋಡೋಣಮ್ಮ’ ಅಂದಿದ್ದಾರೆ. ಅಂದರೆ ಲೂಕ ಹದಿನೇಳೇ. ಪರವಾಗಿಲ್ಲ, ಆರಾಧನೆ ಮುಗಿದ ಮೇಲೆ ಏಲಂ ಇರುತ್ತಲ್ಲ. ಮನೆಯಲ್ಲಿ ಬೆಳೆದದ್ದು, ಮಾಡಿದ್ದು ಎಲ್ಲ ಮೇಜಿನ ಮೇಲೆ. ಬಾಳೆಗೊನೆ, ತೆಂಗಿನಕಾಯಿ, ನಾಟಿ ಕೋಳಿ, ಯಾರೋ ಮಾಡಿದ ಕೇಕು, ಉಪ್ಪಿನಕಾಯಿ. ದುಡ್ಡಿದ್ದವರ ಜಂಭ ಅಲ್ಲಿ ಒಂದಿಷ್ಟು ಕಾಣಿಸುತ್ತೆ, ನಿಜ. ಒಬ್ಬರು ಐನೂರು ಅಂದರೆ ಇನ್ನೊಬ್ಬರು ಸುಮ್ನೆ ಹಠಕ್ಕೆ ಆರುನೂರು ಅನ್ನುತ್ತಾರೆ. ಆದರೂ ನನಗೆ ಆ ಏಲಂ ಇಷ್ಟ. ಅಲ್ಲಿ ಯಾವ ವಸ್ತುವಿಗೂ ಅದರ ರೇಟಿಲ್ಲ. ಹೋದ ವರ್ಷ ನಮ್ಮ ಹಿತ್ತಲಿನ ಬೂದುಗುಂಬಳವನ್ನು ಒಬ್ಬರು ದೊಡ್ಡ ಮೊತ್ತಕ್ಕೆ ಹಿಡಿದರು. ಹಿಡಿದವರು ದುಡ್ಡು ಕೊಟ್ಟು ಕಾಯನ್ನು ಮತ್ತೆ ಮೇಜಿನ ಮೇಲೇ ಇಟ್ಟರು, ‘ಇನ್ನೊಂದು ಸಲ ಕೂಗಿ’ ಅಂತ. ಎರಡನೆಯವರೂ ಹಾಗೇ ಮಾಡಿದರು. ಮೂರನೆಯ ಸಲ ಹಿಡಿದ ಆಟೋ ಓಡಿಸುವ ಹುಡುಗ ಅದನ್ನು ಹೊತ್ತುಕೊಂಡು ಹೋಗಿ ಅಯ್ಯನವರ ಮನೆ ಅಡುಗೆಮನೆಯಲ್ಲಿ ಇಟ್ಟು ಬಂದ. ಮಜ್ಜಿಗೆ ಹುಳಿ ಚೆನ್ನಾಗಿತ್ತಂತೆ. ಈ ಸಲ ನಮ್ಮದು ನುಗ್ಗೆಕಾಯಿ, ಎರಡು ದೊಡ್ಡ ಕಟ್ಟು.